ನೂರು ಕೆಜಿ ಗೆರೆ, ಒಂದು ಮುರಿದ ಕತ್ತು: ಹಿರೊಮು ತಕಹಾಶಿ ಯಾಕೆ ಜೂನಿಯರ್ ಆಗೇ ಉಳ್ಕೊಂಡ

2018 ಜುಲೈ 7ನೇ ತಾರೀಖು, ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಕೌ ಪ್ಯಾಲೇಸ್‌ನಲ್ಲಿ ನ್ಯೂ ಜಪಾನ್ ಪ್ರೊ ರೆಸ್ಲಿಂಗ್‌ನವರ ಶೋ. ಐಡಬ್ಲ್ಯೂಜಿಪಿ (ಆ ಕಂಪನಿಯ ಬೆಲ್ಟುಗಳ ಹೆಸರು) ಜೂನಿಯರ್ ಹೆವಿವೇಟ್, ಅಂದ್ರೆ ನೂರು ಕೆಜಿ ಒಳಗಿನವರ ಟೈಟಲ್ ಮ್ಯಾಚು, ಚಾಂಪಿಯನ್ ಹಿರೊಮು ತಕಹಾಶಿ, ಎದುರಿಗೆ ಮೆಕ್ಸಿಕೋದ ಡ್ರಾಗನ್ ಲೀ. ಮ್ಯಾಚ್ ನಡುವೆ ಲೀ ಅವನನ್ನ ಎತ್ತಿ ಒಗೆದ, ಬೆನ್ನು ಮೊದಲು ನೆಲಕ್ಕೆ ತಾಗಬೇಕಿತ್ತು, ತಾಗಿದ್ದು ನೆತ್ತಿ, ಇಡೀ ದೇಹದ ಭಾರ ಕತ್ತಿನ ಮೇಲೆ ಬಂತು. ಹಿರೊಮು ಆದ್ರೂ ಎದ್ದ. ಎದ್ದು ಮ್ಯಾಚ್ ಮುಗಿಸಿದ, ಗೆದ್ದ ಕೂಡ. ಒಳಗೆ ಹೋದ್ಮೇಲೆ ಕುಸಿದ, ಆಸ್ಪತ್ರೆಗೆ ಒಯ್ದರು, ಕತ್ತಿನ ಮೂಳೆ ಮುರಿದಿತ್ತು.

ಆ ಕ್ಲಿಪ್ ನಾನು ಒಂದೇ ಸಲ ನೋಡಿದ್ದು, ಇನ್ನೊಂದು ಸಲ ನೋಡೋಕೆ ಮನಸ್ಸು ಬರಲ್ಲ. ಆದ್ರೆ ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ: ಒಬ್ಬ ಮನುಷ್ಯ ಇಷ್ಟೆಲ್ಲ ಕೊಟ್ಟ ಮೇಲೂ ಅವನ ಬೆಲ್ಟನ್ನ ಕಂಪನಿ ಯಾಕೆ ಎರಡನೇ ಸಾಲಲ್ಲೇ ಇಡುತ್ತೆ? ಇದು ಹಿರೊಮು ಒಬ್ಬನ ಪ್ರಶ್ನೆ ಅಲ್ಲ, ಜಪಾನಿನ ಜೂನಿಯರ್ ಹೆವಿವೇಟ್ ಅನ್ನೋ ಇಡೀ ವಿಭಾಗದ್ದು, ಈಗಲೂ ಬಗೆಹರಿದಿಲ್ಲ.

ಮೊದಲು ಈ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ. ನಮ್ಮಲ್ಲಿ ಪ್ರೊ ರೆಸ್ಲಿಂಗ್ ಅಂದ್ರೆ ಟ್ರಂಪ್ ಕಾರ್ಡು, ಟಿವಿಯಲ್ಲಿ ಅಂಡರ್‌ಟೇಕರ್, ಅಷ್ಟೆ. ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ ಅನ್ನೋದೂ ಎಲ್ಲರಿಗೂ ಗೊತ್ತು, ಜಪಾನಲ್ಲೂ ಹಂಗೇನೆ. ಆದ್ರೆ ಫಲಿತಾಂಶ ಮಾತ್ರ ಬರೆದಿಟ್ಟಿದ್ದು, ಬೀಳೋದು ನಿಜವಾಗ್ಲೂ ಬೀಳೋದೇ. ರಿಂಗ್ ಒಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಮೇಲೆ ತೆಳು ಪ್ಯಾಡು, ಕ್ಯಾನ್ವಾಸು, ಇಷ್ಟೇ ಇರೋದು. ಅದಕ್ಕೇ ಜಪಾನಿನವರು ಹೊಸ ಹುಡುಗನಿಗೆ ಹೊಡೆಯೋದಕ್ಕಿಂತ ಮೊದಲು ಬೀಳೋದು ಕಲಿಸ್ತಾರೆ, ಉಕೆಮಿ ಅಂತಾರೆ ಅದಕ್ಕೆ. ಗದ್ದ ಎದೆಗೆ ಒತ್ಕೋಬೇಕು, ಬೆನ್ನು ಅಗಲವಾಗಿ ತಾಗಿಸಬೇಕು, ಕೈ ನೆಲಕ್ಕೆ ಬಡೀಬೇಕು. ನೆತ್ತಿ ಮೇಲೆ ಬಿದ್ರೆ ಈ ವಿದ್ಯೆ ಯಾವುದೂ ಕೆಲಸಕ್ಕೆ ಬರಲ್ಲ.

ಟೋಕಿಯೊದ ಸೆತಗಾಯದಲ್ಲಿ ನ್ಯೂ ಜಪಾನ್‌ನ ದೋಜೋ ಇದೆ. ನಮ್ಮ ಗರಡಿ ಮನೆ ನೋಡಿದವರಿಗೆ ಅಲ್ಲಿನ ವಾತಾವರಣ ಪರಿಚಿತ ಅನ್ಸುತ್ತೆ. ಹೊಸಬರು ಅಲ್ಲೇ ಇರಬೇಕು, ಅಡುಗೆ ಮಾಡಬೇಕು, ಹಿರಿಯರ ಬಟ್ಟೆ ಒಗೀಬೇಕು, ದಿನಾ ನೂರಾರು ಬಸ್ಕಿ ಹೊಡೀಬೇಕು. ಆ ಬಸ್ಕಿಗೆ ಜಪಾನಿನವರು ಇವತ್ತಿಗೂ 'ಹಿಂಜೂ ಸ್ಕ್ವಾಟೊ' ಅಂತಾನೇ ಕರೆಯೋದು, ಅಂದ್ರೆ ಹಿಂದೂ ಸ್ಕ್ವಾಟ್, ನಮ್ಮ ಪೈಲ್ವಾನರ ಸಾಮಿನಿಂದ ಹೋಗಿದ್ದು. ಹೊಸ ಹುಡುಗರನ್ನ ಯಂಗ್ ಲಯನ್ ಅಂತಾರೆ, ಕಪ್ಪು ಚಡ್ಡಿ ಕಪ್ಪು ಬೂಟು ಬಿಟ್ರೆ ಬೇರೆ ವೇಷ ಇಲ್ಲ, ಕೆಲವೇ ಪಟ್ಟು ಹಾಕೋಕೆ ಅನುಮತಿ. ಆಮೇಲೆ ಒಂದಿಷ್ಟು ವರ್ಷ ಹೊರದೇಶಕ್ಕೆ ಕಳಿಸ್ತಾರೆ, ಅಲ್ಲಿಂದ ಬಂದವನು ಯಾರು ಏನು ಅನ್ನೋದು ಬಂದ ದಿನವೇ ತೀರ್ಮಾನ ಆಗುತ್ತೆ.

ಹಿರೊಮು ಹುಟ್ಟಿದ್ದು 1989 ಡಿಸೆಂಬರ್ 4, ಟೋಕಿಯೊದ ಹಚಿಯೊಜಿ. 2010 ಆಗಸ್ಟ್ 24ಕ್ಕೆ ಮೊದಲ ಮ್ಯಾಚ್. ಅವತ್ತು ಎದುರಿಗಿದ್ದವನು ಅದೇ ದೋಜೋದ ಇನ್ನೊಬ್ಬ ಹುಡುಗ, ಮುಂದೆ ಮಾಸ್ಕ್ ಹಾಕ್ಕೊಂಡು ಎಲ್ ಡೆಸ್ಪರಾಡೋ ಆದವನು, ಈ ಹೆಸರು ನೆನಪಿಟ್ಕೊಳಿ. ಹಿರೊಮು ಎತ್ತರ 171 ಸೆಂಟಿಮೀಟರ್, ತೂಕ 88 ಕೆಜಿ. ಅಂದ್ರೆ ಬೀದಿಯಲ್ಲಿ ನಡ್ಕೊಂಡು ಹೋದ್ರೆ ಯಾರೂ ತಿರುಗಿ ನೋಡದಷ್ಟು ಸಾಮಾನ್ಯ ಎತ್ತರ. 2013ರಲ್ಲಿ ಇಂಗ್ಲೆಂಡಿಗೆ ಹೋದ, 2014ರಿಂದ ಮೆಕ್ಸಿಕೋದ ಸಿಎಂಎಲ್‌ಎಲ್ ಅನ್ನೋ ರೆಸ್ಲಿಂಗ್ ಕಂಪನಿಯಲ್ಲಿ ಕಮೈತಾಚಿ ಅನ್ನೋ ಹೆಸರಲ್ಲಿ ಮಾಸ್ಕ್ ಹಾಕ್ಕೊಂಡು ಆಡಿದ. ಕಮೈತಾಚಿ ಅಂದ್ರೆ ಜಪಾನಿನ ಜನಪದ ಕತೆಗಳಲ್ಲಿ ಬರೋ, ಸುಂಟರಗಾಳಿಯಲ್ಲಿ ಬಂದು ಕುಡುಗೋಲಿನಂಥ ಉಗುರಲ್ಲಿ ಕೊಯ್ದು ಹೋಗೋ ಒಂದು ಪ್ರಾಣಿ.

ಅಲ್ಲೇ ಡ್ರಾಗನ್ ಲೀ ಸಿಕ್ಕಿದ್ದು. ಇಬ್ಬರೂ ಚಿಕ್ಕ ವಯಸ್ಸಿನವರು, ಇಬ್ಬರಿಗೂ ಭಯ ಅನ್ನೋದಿಲ್ಲ, ಒಬ್ಬ ಒಂದು ಅಪಾಯ ತಗೊಂಡ್ರೆ ಇನ್ನೊಬ್ಬ ಅದಕ್ಕಿಂತ ದೊಡ್ಡದು ತಗೋಬೇಕು. 2015 ಮಾರ್ಚಲ್ಲಿ ಲೀ ಎದುರು ಸೋತು ಹಿರೊಮು ಮಾಸ್ಕ್ ಕಳ್ಕೊಂಡ, ಮೆಕ್ಸಿಕೋದಲ್ಲಿ ಅದಕ್ಕಿಂತ ದೊಡ್ಡ ಸೋಲು ಬೇರೆ ಇಲ್ಲ. 2016 ಜನವರಿಯಲ್ಲಿ ಟೋಕಿಯೊದ ಕೊರಾಕುಎನ್ ಹಾಲ್‌ನಲ್ಲಿ ಅದೇ ಲೀ ಹತ್ರ ಲೈಟ್‌ವೇಟ್ ಬೆಲ್ಟ್ ಕಿತ್ಕೊಂಡ. ಎರಡು ದೇಶದ ಜನ ಹುಚ್ಚೆದ್ದು ಕೂಗಿದ್ದು ಇವರ ಮ್ಯಾಚ್‌ಗಳಿಗೆ, ಹಾಗೆ ಕೂಗಿದ ಜನದಲ್ಲಿ ನಾನೂ ಒಬ್ಬ, ಅದನ್ನ ಮುಚ್ಚಿಡಲ್ಲ.

2016 ನವೆಂಬರಲ್ಲಿ ವಾಪಸ್ ಬಂದವನು ತನ್ನನ್ನ 'ಟೈಮ್ ಬಾಂಬ್' ಅಂತ ಕರ್ಕೊಂಡ. ದೋಜೋ ದಿನಗಳ ಗುರುವಿನಂತಿದ್ದ ತೆತ್ಸುಯ ನೈಟೊನ ಗುಂಪು ಸೇರಿದ, ಬಣ್ಣಬಣ್ಣದ ಕೂದಲು, ಕೈಯಲ್ಲಿ ಡ್ಯಾರಿಲ್ ಅನ್ನೋ ಬೆಕ್ಕಿನ ಗೊಂಬೆ. 2017 ಜನವರಿ 4ಕ್ಕೆ ಟೋಕಿಯೊ ಡೋಮಲ್ಲಿ ಆಗಿನ ಚಾಂಪಿಯನ್ ಕುಶಿದನನ್ನ ಸೋಲಿಸಿ ಜೂನಿಯರ್ ಚಾಂಪಿಯನ್ ಆದ. ಅದೇ ಏಪ್ರಿಲ್ 9ಕ್ಕೆ ರ್‍ಯೊಗೊಕು ಕೊಕುಗಿಕಾನಲ್ಲಿ ಮತ್ತೆ ಕುಶಿದನ ಎದುರು, ಎರಡು ನಿಮಿಷ ತುಂಬೋ ಮುಂಚೆ ಮುಗಿಸಿಬಿಟ್ಟ. ಅವತ್ತೇ ಅದೇ ಶೋನ ಮುಖ್ಯ ಮ್ಯಾಚಲ್ಲಿ ಕತ್ಸುಯೊರಿ ಶಿಬಾತ ಆಗಿನ ಹೆವಿವೇಟ್ ಚಾಂಪಿಯನ್ ಕಜುಚಿಕ ಒಕಾದನ ಹಣೆಗೆ ಡಿಕ್ಕಿ ಹೊಡೆದು, ಮೆದುಳಿನ ಪಕ್ಕ ರಕ್ತಸ್ರಾವ ಆಗಿ ಸಾವಿನ ಬಾಗಿಲ ತನಕ ಹೋಗಿ ಬಂದ. ಒಂದು ತಿಂಗಳು ಮುಂಚೆ ತೊಮೊಆಕಿ ಹೊನ್ಮಾಗೆ ಕತ್ತಿನ ಪೆಟ್ಟು, ಒಂದು ತಿಂಗಳು ಆದ್ಮೇಲೆ ಬೇರೆ ಕಂಪನಿ ರಿಂಗಲ್ಲಿ ಯೊಶಿಹಿರೊ ತಕಯಾಮಾ ಕತ್ತಿನ ನರಕ್ಕೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿತು. 2009ರಲ್ಲಿ ಹಿರೋಶಿಮಾದ ರಿಂಗಲ್ಲಿ ಮಿತ್ಸುಹರು ಮಿಸಾವಾ ಸತ್ತಿದ್ದನ್ನ ಕಂಡಿದ್ದ ದೇಶ ಅದು. ಹಾಗಾಗಿ 2018ರಲ್ಲಿ ಹಿರೊಮು ಬಿದ್ದಾಗ ಯಾರೂ ಇದು ಆಕಸ್ಮಿಕ ಅಂತ ಸುಮ್ಮನೆ ಕೂರೋ ಹಾಗಿರಲಿಲ್ಲ.

ಇನ್ನು ಆ ಗೆರೆ ವಿಷಯಕ್ಕೆ ಬರ್ತೀನಿ. ಜಪಾನಲ್ಲಿ ನೂರು ಕೆಜಿ ಒಳಗಿದ್ರೆ ಜೂನಿಯರ್, ಮೇಲಿದ್ರೆ ಹೆವಿ. ಈ ವಿಭಾಗಕ್ಕೆ ಬೆಲೆ ಬಂದಿದ್ದು 1978ರಲ್ಲಿ ತತ್ಸುಮಿ ಫುಜಿನಾಮಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೂನಿಯರ್ ಬೆಲ್ಟ್ ಗೆದ್ದು ತಂದಾಗ. 1981 ಏಪ್ರಿಲಲ್ಲಿ ಸತೊರು ಸಯಾಮ ಟೈಗರ್ ಮಾಸ್ಕ್ ಆಗಿ ಡೈನಮೈಟ್ ಕಿಡ್ ಎದುರು ಇಳಿದಾಗ ಇಡೀ ದೇಶದ ಮಕ್ಕಳು ಟಿವಿ ಮುಂದೆ ಕೂತರು. 1986ರಲ್ಲಿ ಐಡಬ್ಲ್ಯೂಜಿಪಿ ಜೂನಿಯರ್ ಬೆಲ್ಟ್ ಹುಟ್ಟಿತು. ಆದ್ರೆ ಗಮನಿಸಿ, ಆ ಫುಜಿನಾಮಿನೇ ಮೂರ್ನಾಲ್ಕು ವರ್ಷದಲ್ಲಿ ಹೆವಿಗೆ ಹೋದರು. ಅಂದ್ರೆ ಬಾಗಿಲು ತೆರೆದವರೇ ಆ ಮನೆಯಲ್ಲಿ ಉಳೀಲಿಲ್ಲ, ಜೂನಿಯರ್ ಅಂದ್ರೆ ಹೆವಿಗೆ ಹತ್ತೋ ಮೆಟ್ಟಿಲು ಅನ್ನೋ ಅಭ್ಯಾಸ ಶುರುವಾಗಿದ್ದೇ ಅಲ್ಲಿಂದ.

ಅಲ್ಲಿಂದ ಈಚೆಗೆ ಪಟ್ಟಿ ನೋಡ್ತಾ ಬಂದ್ರೆ ಒಂದು ವಿಚಿತ್ರ ಕಾಣುತ್ತೆ. 2016 ಜನವರಿ 4ಕ್ಕೆ ಕುಶಿದ ಕೆನ್ನಿ ಒಮೆಗಾನ ಸೋಲಿಸಿ ಜೂನಿಯರ್ ಬೆಲ್ಟ್ ಗೆದ್ದ. ಸೋತ ಒಮೆಗಾ ಮಾರನೇ ದಿನವೇ ಹೆವಿಗೆ ಹೋದ, ಅದೇ ಆಗಸ್ಟಲ್ಲಿ ಹೆವಿಗಳ ದೊಡ್ಡ ಟೂರ್ನಿ ಜಿ1 ಕ್ಲೈಮ್ಯಾಕ್ಸ್ ಗೆದ್ದ ಮೊದಲ ವಿದೇಶಿ ಆದ. ಗೆದ್ದ ಕುಶಿದ ಜೂನಿಯರಲ್ಲೇ ಇದ್ದು 2019ರಲ್ಲಿ ಕಂಪನಿ ಬಿಟ್ಟ. 2019 ಜೂನಲ್ಲಿ ಜೂನಿಯರ್‌ಗಳ ವಾರ್ಷಿಕ ಟೂರ್ನಿ ಬೆಸ್ಟ್ ಆಫ್ ದ ಸೂಪರ್ ಜೂನಿಯರ್ಸ್ ಫೈನಲಲ್ಲಿ ಶಿಂಗೊ ತಕಾಗಿ ವಿಲ್ ಆಸ್ಪ್ರೇ ಎದುರು ಸೋತ, ಆಮೇಲೆ ಹೆವಿಗೆ ಹೋಗಿ 2021ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್. ಮುರಿದ ಕತ್ತು ಕೂಡ್ಕೊಂಡು ವಾಪಸ್ ಬಂದ ಹಿರೊಮು 2020 ಜನವರಿ 4ಕ್ಕೆ ಅದೇ ಆಸ್ಪ್ರೇಯನ್ನ ಡೋಮಲ್ಲಿ ಸೋಲಿಸಿದ. ಸೋತ ಆಸ್ಪ್ರೇ ಹೆವಿಗೆ ಹೋದ, 2021 ಏಪ್ರಿಲಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದ. ಗೆದ್ದ ಹಿರೊಮು? ಜೂನಿಯರ್ ಬೆಲ್ಟ್ ಹೊತ್ಕೊಂಡು ಅಲ್ಲೇ ನಿಂತ.

ಸೋತವನು ಮೇಲೆ ಹೋಗ್ತಾನೆ, ಗೆದ್ದವನು ಕೆಳಗೆ ಉಳೀತಾನೆ. ಶಾಲೆಯಲ್ಲಿ ಫೇಲಾದವನಿಗೆ ಮುಂದಿನ ಕ್ಲಾಸು, ಫಸ್ಟ್ ಬಂದವನಿಗೆ ಅದೇ ಬೆಂಚು ಅಂದಂಗೆ. ಕಂಪನಿ ಲೆಕ್ಕಾಚಾರ ನಂಗೆ ಅರ್ಥ ಆಗುತ್ತೆ, ಹೋಗೋನು ಸೋತೇ ಹೋಗಬೇಕು, ಇಲ್ಲಾಂದ್ರೆ ಉಳಿದವರ ಬೆಲೆ ಬೀಳುತ್ತೆ, ಅದು ರೆಸ್ಲಿಂಗಿನ ಹಳೇ ರೂಢಿ. ಆದ್ರೆ ಇದನ್ನ ಇಪ್ಪತ್ತು ಸಲ ಮಾಡಿದ್ರೆ ನೋಡೋ ಜನಕ್ಕೆ ಹೋಗೋ ಸಂದೇಶ ಒಂದೇ, ಜೂನಿಯರ್ ಬೆಲ್ಟು ಅಂದ್ರೆ ಬಸ್ ಸ್ಟ್ಯಾಂಡು, ಊರಲ್ಲ.

ಹಿರೊಮು ಇದನ್ನ ಒಪ್ಪಲಿಲ್ಲ. ದೇಹ ಬೆಳೆಸಿ ಹೆವಿ ಆಗೋ ಬದಲು, ಜೂನಿಯರ್ ಆಗಿದ್ದುಕೊಂಡೇ ಹೆವಿವೇಟ್ ಬೆಲ್ಟ್ ಗೆಲ್ತೀನಿ ಅನ್ನೋದು ಅವನ ಹಠ. ನ್ಯೂ ಜಪಾನಲ್ಲಿ ಮಾರ್ಚಲ್ಲಿ ಬರೋ ವಾರ್ಷಿಕೋತ್ಸವ ಶೋಗೆ ಹೆವಿ ಚಾಂಪಿಯನ್ ಮತ್ತು ಜೂನಿಯರ್ ಚಾಂಪಿಯನ್ ಎದುರುಬದುರು ಆಗೋದು ಆಗ ಒಂದು ಪದ್ಧತಿಯಾಗಿತ್ತು. 2018ರಲ್ಲಿ ಒಕಾದ ಎದುರು ಆಸ್ಪ್ರೇ ಆಡಿದ್ದ, ಸೋತಿದ್ದ. 2020 ಮಾರ್ಚ್ 3ಕ್ಕೆ ನೈಟೊ ಎದುರು ಹಿರೊಮು ಅಂತ ನಿಗದಿ ಆಗಿತ್ತು, ಗುರು ಶಿಷ್ಯ, ಒಂದೇ ಗುಂಪಿನವರು, ಇಬ್ಬರೂ ಚಾಂಪಿಯನ್ನು. ಅಷ್ಟರಲ್ಲಿ ಕೊರೊನಾ ಬಂತು, ಶೋನೇ ರದ್ದಾಯ್ತು. ಹಿರೊಮು ಕೆರಿಯರ್ ಬಗ್ಗೆ ಯೋಚಿಸಿದಾಗೆಲ್ಲ ನಂಗೆ ಕತ್ತು ಮುರಿದದ್ದಕ್ಕಿಂತ ಈ ಒಂದು ದಿನ ಕಳೆದುಹೋದದ್ದೇ ಜಾಸ್ತಿ ನೋವು ಕೊಡುತ್ತೆ, ಯಾಕಂದ್ರೆ ಕತ್ತು ವಾಪಸ್ ಕೂಡ್ಕೊಂಡಿತು, ಆ ಮ್ಯಾಚಿಗೆ ಇದ್ದ ಗಳಿಗೆ ಮತ್ತೆ ಬರಲಿಲ್ಲ.

ಆದ್ರೂ ಅವನು ಬಿಡಲಿಲ್ಲ. ಜೂನಲ್ಲಿ ಖಾಲಿ ಹಾಲಲ್ಲಿ ನ್ಯೂ ಜಪಾನ್ ಕಪ್ ಟೂರ್ನಿ ನಡೀತು. ಹಿರೊಮು ಹೊನ್ಮಾನ ಸೋಲಿಸಿದ, ತೊರು ಯಾನೊನ ಸೋಲಿಸಿದ, ಬಂಡೆಯಂಥ ತೊಮೊಹಿರೊ ಇಶಿಯನ್ನೂ ಸೋಲಿಸಿದ, ಸೆಮಿಫೈನಲಲ್ಲಿ ಒಕಾದ ಎದುರು ನಿಂತ. ಕೊರಾಕುಎನ್ ಅಂಥ ಹಾಲು ಮೌನವಾಗಿರೋವಾಗ ಬರೀ ಉಸಿರು, ಎದೆಗೆ ಬೀಳೋ ಏಟಿನ ಸದ್ದು. ಅಲ್ಲಿ ಸೋತ. ಆ ಕಪ್ ಗೆದ್ದ ಈವಿಲ್ ಗುಂಪಿಗೇ ದ್ರೋಹ ಮಾಡಿ ನೈಟೊ ಹತ್ರ ಆಗ ಇದ್ದ ಎರಡೂ ಬೆಲ್ಟ್ ಕಿತ್ಕೊಂಡಾಗ, ಜುಲೈ 25ಕ್ಕೆ ನಗೋಯಾದಲ್ಲಿ ಅವನ ಎದುರು ಇಳಿದವನು ಹಿರೊಮು. ಜೂನಿಯರ್ ಚಾಂಪಿಯನ್ನೊಬ್ಬ ಕಂಪನಿಯ ಅತಿ ದೊಡ್ಡ ಬೆಲ್ಟಿಗೆ ಮುಖ್ಯ ಮ್ಯಾಚಲ್ಲಿ ಆಡಿದ. ಅಲ್ಲೂ ಸೋತ. ಒಂದು ತಿಂಗಳಾದ್ಮೇಲೆ ಜಿಂಗು ಸ್ಟೇಡಿಯಮಲ್ಲಿ ತೈಜಿ ಇಶಿಮೊರಿಗೆ ಜೂನಿಯರ್ ಬೆಲ್ಟೂ ಹೋಯ್ತು.

ಕೆಲವರು ವಾದ ಮಾಡ್ತಾರೆ, ಎಂಬತ್ತೆಂಟು ಕೆಜಿಯವನು ನೂರ ಹತ್ತು ಕೆಜಿಯವನನ್ನ ಸೋಲಿಸೋದು ನಂಬೋಕಾಗಲ್ಲ ಅಂತ. ಈ ವಾದ ನಾನು ಪೂರ್ತಿ ತಳ್ಳಿಹಾಕಲ್ಲ, ಕುಸ್ತಿಯಲ್ಲಿ ತೂಕ ಅನ್ನೋದು ಸುಳ್ಳಲ್ಲ, ನಮ್ಮ ಗರಡಿಯಲ್ಲೂ ಜೋಡಿ ಕಟ್ಟೋವಾಗ ವಸ್ತಾದರು ಮೊದಲು ನೋಡೋದು ಮೈಯನ್ನೇ. ಆದ್ರೆ ಪ್ರೊ ರೆಸ್ಲಿಂಗಲ್ಲಿ ನಂಬಿಸೋದೇ ಕೆಲಸ. 2006 ಸೆಪ್ಟೆಂಬರಲ್ಲಿ ನೋವಾ ಕಂಪನಿಯಲ್ಲಿ ನವೊಮಿಚಿ ಮರುಫುಜಿ ಜುನ್ ಅಕಿಯಾಮನ ಸೋಲಿಸಿ ಹೆವಿವೇಟ್ ಬೆಲ್ಟ್ ಗೆದ್ದಿದ್ದ, ಮುಂದಿನ ತಿಂಗಳು ಬುದೊಕಾನಲ್ಲಿ ಕೆಂಟಾ ಎದುರು ಅದೇ ಬೆಲ್ಟಿಗೆ ಮುಖ್ಯ ಮ್ಯಾಚ್ ಆಡಿದ, ಇಬ್ಬರೂ ಜೂನಿಯರ್ ಮೈಕಟ್ಟಿನವರೇ. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ ಅನ್ನೋದಕ್ಕೆ ತೂಕದ ಯಂತ್ರ ಉತ್ತರ ಕೊಡಲ್ಲ, ಯಾರು ಯಾರ ಎದುರು ಅಂತ ಶೋನ ಕಾರ್ಡ್ ಬರೆಯೋರು ಕೊಡಬೇಕು.

ಮತ್ತೆ ಇದಕ್ಕೂ ಕತ್ತಿಗೂ ಏನು ಸಂಬಂಧ ಅಂದ್ರೆ, ನನ್ನ ಪ್ರಕಾರ ಇಡೀ ಸಂಬಂಧ ಇರೋದೇ ಇಲ್ಲಿ. ಹೆವಿ ಆದವನು ರಿಂಗಿಗೆ ಬಂದು ಸುಮ್ನೆ ನಿಂತ್ರೂ ಜನ ನೋಡ್ತಾರೆ, ಅವನ ಮೈಯೇ ಅವನ ಪರವಾಗಿ ಮಾತಾಡುತ್ತೆ. ಜೂನಿಯರ್‌ಗೆ ಆ ಸೌಲಭ್ಯ ಇಲ್ಲ, ಶೋನ ಮೊದಲರ್ಧದಲ್ಲಿ ಹದಿನೈದು ನಿಮಿಷ ಕೊಟ್ರೆ ಅಷ್ಟರೊಳಗೆ ಜನ ಮನೆಗೆ ಹೋಗೋವಾಗ ತನ್ನ ಮ್ಯಾಚ್ ಬಗ್ಗೆ ಮಾತಾಡೋ ಹಾಗೆ ಮಾಡಬೇಕು. ಹಗುರ ಮೈ, ಹಾಗಾಗಿ ಎದುರಾಳಿ ಇವನನ್ನ ಇನ್ನೂ ಎತ್ತರ ಎತ್ತಬಹುದು, ಗಾಳಿಯಲ್ಲಿ ಒಂದು ಸುತ್ತು ಜಾಸ್ತಿ ತಿರುಗಿಸಬಹುದು, ಇವನೂ ಹಗ್ಗದ ಮೇಲಿಂದ ಹೊರಗೆ ಹಾರಬಹುದು. ಹಿರೊಮು ತಾನೇ ರಿಂಗ್ ಅಂಚಿನಿಂದ ಎದುರಾಳಿಯನ್ನ ಕೆಳಗಿನ ನೆಲಕ್ಕೆ ಎಳ್ಕೊಂಡು ಬೀಳೋ ಪವರ್‌ಬಾಂಬ್ ಹಾಕ್ತಿದ್ದ, ನೋಡಿದ್ರೆ ಎದೆ ಝಲ್ ಅನ್ನುತ್ತೆ. ಒಂದು ಸುತ್ತು ಜಾಸ್ತಿ ತಿರುಗಿದ್ರೆ ಬೆನ್ನು ತಾಗೋ ಜಾಗದಲ್ಲಿ ನೆತ್ತಿ ತಾಗೋಕೆ ಅರ್ಧ ಸೆಕೆಂಡಿನ ವ್ಯತ್ಯಾಸ ಸಾಕು. ವಿಭಾಗಕ್ಕೆ ಜಾಗ ಕಮ್ಮಿ ಕೊಟ್ಟಷ್ಟೂ ಹುಡುಗರು ಅಪಾಯ ಜಾಸ್ತಿ ತಗೋತಾರೆ. ಡ್ರಾಗನ್ ಲೀನ ಬೈಯೋದರಲ್ಲಿ ಅರ್ಥ ಇಲ್ಲ, ಆ ಏಟಿನ ಹಿಂದೆ ಮೂರ್ನಾಲ್ಕು ವರ್ಷದಿಂದ ಇಬ್ಬರನ್ನೂ ಇನ್ನೂ ಬೇಕು ಇನ್ನೂ ಬೇಕು ಅಂತ ಹುರಿದುಂಬಿಸಿದ ನಾವೂ ಇದೀವಿ.

ಬೇರೆ ದಾರಿ ಇರಲಿಲ್ವಾ ಅಂದ್ರೆ ಇತ್ತು, ಅದನ್ನ ನಡೆದು ತೋರಿಸಿದವರು ಜುಶಿನ್ ಥಂಡರ್ ಲೈಗರ್. ಕುಳ್ಳ ಅಂತ ಕಂಪನಿ ಮೊದಲು ಬಾಗಿಲು ಹಾಕಿದ್ದಕ್ಕೆ ಅವರು ಮೆಕ್ಸಿಕೋಗೆ ಹೋಗಿದ್ದರು, ಅಲ್ಲಿಂದ ಕರ್ಕೊಂಡು ಬಂದ ಮೇಲೆ 1984ರಲ್ಲಿ ಮೊದಲ ಮ್ಯಾಚ್, 1989 ಏಪ್ರಿಲ್ 24ಕ್ಕೆ ಟೋಕಿಯೊ ಡೋಮಲ್ಲಿ ಲೈಗರ್ ಆಗಿ ಹೊಸ ಹುಟ್ಟು. ಹನ್ನೊಂದು ಸಲ ಜೂನಿಯರ್ ಚಾಂಪಿಯನ್. ಶುರುವಿನಲ್ಲಿ ಅವರೂ ಹಾರಾಡ್ತಿದ್ದರು, 1994ರಲ್ಲಿ ಕಾಲು ಮುರೀತು, 1996ರಲ್ಲಿ ಮೆದುಳಿನಲ್ಲಿ ಗೆಡ್ಡೆ ಅಂತ ಗೊತ್ತಾಯ್ತು. ವಾಪಸ್ ಬಂದವರು ಆಟವನ್ನೇ ಬದಲಾಯಿಸಿದರು, ಹಾರೋದು ಕಮ್ಮಿ, ಅಂಗೈ ಏಟು ಜಾಸ್ತಿ, ನೆಲದ ಪಟ್ಟು ಜಾಸ್ತಿ. ಆಮೇಲೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಡಿದರು, 55ನೇ ವಯಸ್ಸಲ್ಲಿ ತಮ್ಮ ಕಾಲಲ್ಲಿ ನಡ್ಕೊಂಡು ನಿವೃತ್ತಿ ಆದರು. 2020 ಜನವರಿ 5ರ ಆ ಕೊನೆ ಮ್ಯಾಚಲ್ಲಿ ಲೈಗರ್ ಮತ್ತು ಹಳೇ ಗೆಳೆಯ ನವೊಕಿ ಸಾನೊ ಒಂದು ಕಡೆ. ಇನ್ನೊಂದು ಕಡೆ ಹಿರೊಮು, ಅವನ ಜೊತೆಗಾರ ರ್‍ಯೂ ಲೀ, ಅಂದ್ರೆ ಹಿರೊಮುನ ಕತ್ತು ಮುರಿದ ಅದೇ ಡ್ರಾಗನ್ ಲೀ ಹೆಸರು ಬದಲಾಯಿಸ್ಕೊಂಡು. ಲೈಗರ್ ಅವರ ಭುಜ ಕೊನೇ ಸಲ ನೆಲಕ್ಕೆ ಒತ್ತಿದ್ದು ಹಿರೊಮು. ಒಂದು ತಿಂಗಳಾದ್ಮೇಲೆ ಒಸಾಕಾದಲ್ಲಿ ಹಿರೊಮು, ಲೀ ಎದುರುಬದುರು ಆದರು, ಹಿರೊಮು ಗೆದ್ದ. ಹದಿನಾರು ತಿಂಗಳು ಕಾಣದೇ ಹೋಗಿ 2019 ನವೆಂಬರ್ 3ಕ್ಕೆ ಮತ್ತೆ ಮುಖ ತೋರಿಸಿದವನು, ಮೂರೇ ತಿಂಗಳಲ್ಲಿ ಅದೇ ಮನುಷ್ಯನ ಕೈಗೆ ತನ್ನ ಕತ್ತು ಮತ್ತೆ ಕೊಟ್ಟ. ಈ ನಂಬಿಕೆಯನ್ನ ನಾನು ಬೇರೆ ಯಾವ ಆಟದಲ್ಲೂ ನೋಡಿಲ್ಲ.

ಹಿರೊಮು ದಾಖಲೆ ಮಾತ್ರ ಲೈಗರ್ ಅವರನ್ನೂ ದಾಟಿದೆ ಒಂದು ಕಡೆ. ಬೆಸ್ಟ್ ಆಫ್ ದ ಸೂಪರ್ ಜೂನಿಯರ್ಸ್ ಲೈಗರ್ ಗೆದ್ದಿದ್ದು ಮೂರು ಸಲ, ಹಿರೊಮು ನಾಲ್ಕು ಸಲ, 2018, ಆಮೇಲೆ 2020, 2021, 2022 ಸತತವಾಗಿ. ಸತತ ಮೂರು ಅವನಿಗಿಂತ ಮುಂಚೆ ಯಾರೂ ಗೆದ್ದಿರಲಿಲ್ಲ. ನಡುವೆ 2021 ಫೆಬ್ರವರಿಯಲ್ಲಿ ಎದೆಯ ಸ್ನಾಯು ಹರಿದು ಮತ್ತೆ ಬೆಲ್ಟ್ ಬಿಟ್ಟುಕೊಡಬೇಕಾಯ್ತು, ಎರಡನೇ ಸಲ ಗಾಯಕ್ಕೆ ಬೆಲ್ಟ್ ಕಳ್ಕೊಂಡಿದ್ದು.

ಆದ್ರೆ ಟ್ರೋಫಿಗಿಂತ ನಂಗೆ ದೊಡ್ಡದು ಅನ್ಸೋದು 2023 ಮಾರ್ಚ್ 1. 1994ರಲ್ಲಿ ಲೈಗರ್ ಬೇರೆ ಬೇರೆ ಕಂಪನಿಯ ಜೂನಿಯರ್‌ಗಳನ್ನ ಒಂದೇ ರಾತ್ರಿ ರ್‍ಯೊಗೊಕುನಲ್ಲಿ ಸೇರಿಸಿ ಸೂಪರ್ ಜೆ ಕಪ್ ಮಾಡಿಸಿದ್ದರು, ಸಣ್ಣ ಊರಿನ ಕಂಪನಿಯಿಂದ ಬಂದ ಗ್ರೇಟ್ ಸಾಸುಕೆ ಲೈಗರ್ ಅವರನ್ನೇ ಸೋಲಿಸಿ ಹೆಸರಾದ. ಅದೇ ದಾರಿಯಲ್ಲಿ ಹಿರೊಮು ಆಲ್ ಸ್ಟಾರ್ ಜೂನಿಯರ್ ಫೆಸ್ಟಿವಲ್ ಅಂತ ಕೊರಾಕುಎನ್ ಹಾಲಲ್ಲಿ ಮಾಡಿಸಿದ, ನೋವಾ, ಡ್ರಾಗನ್ ಗೇಟ್, ಡಿಡಿಟಿ, ಹಿಂಗೆ ಎಷ್ಟೋ ಕಂಪನಿಯ ಹುಡುಗರು ಬಂದರು, ಆಗಸ್ಟಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲೂ ಒಂದು ನಡೀತು. ಜಾಗ ಕೊಡಲ್ಲ ಅಂದ್ರೆ ಜಾಗ ಕಟ್ಕೊಳ್ಳೋಣ ಅನ್ನೋ ಬುದ್ಧಿ ಅದು. ಹೆವಿ ಬೆಲ್ಟ್ ಬೆನ್ನು ಹತ್ತಿದ್ದಕ್ಕಿಂತ ಇದೇ ಸರಿ ದಾರಿ ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಒಬ್ಬ ಜೂನಿಯರ್ ಹೆವಿವೇಟ್ ಚಾಂಪಿಯನ್ ಆದ್ರೆ ಅವನೊಬ್ಬ ಮೇಲೆ ಹೋದ ಅಷ್ಟೆ, ಜೂನಿಯರ್ ಬೆಲ್ಟಿಗೇ ಶೋನ ಕೊನೇ ಮ್ಯಾಚ್ ಸಿಕ್ಕಿದ್ರೆ ಎಲ್ಲರೂ ಮೇಲೆ ಬರ್ತಾರೆ, ಆಮೇಲೆ ಜನರ ಗಮನ ಸೆಳೆಯೋಕೆ ಯಾರೂ ನೆತ್ತಿ ಮೇಲೆ ಬೀಳಬೇಕಾಗಿಲ್ಲ.

ಅದು ಆಗಬಹುದು ಅನ್ನೋದಕ್ಕೆ ಸಾಕ್ಷಿನೂ ಇದೆ. 2020 ಡಿಸೆಂಬರ್ 11, ನಿಪ್ಪೊನ್ ಬುದೊಕಾನ್, ಸೂಪರ್ ಜೂನಿಯರ್ಸ್ ಫೈನಲ್, ಹಿರೊಮು ಎದುರು ಎಲ್ ಡೆಸ್ಪರಾಡೋ. ಮ್ಯಾಚ್ ನಡುವೆ ಡೆಸ್ಪರಾಡೋನ ಮಾಸ್ಕ್ ಹರೀತು, ಅವನು ಅರ್ಧ ಹರಿದದ್ದನ್ನ ತಾನೇ ಕಿತ್ತು ಎಸೆದು ಬರಿ ಮುಖದಲ್ಲಿ ಕಾದಾಡಿದ. ಕೊರೊನಾ ನಿಯಮದಿಂದ ಜನ ಕೂಗೋ ಹಾಗಿರಲಿಲ್ಲ, ಚಪ್ಪಾಳೆ ಮಾತ್ರ. ಆ ಮ್ಯಾಚಲ್ಲಿ ನಂಗೆ ನೆನಪಿರೋದು ಹಾರಿದ್ದು ಬಿದ್ದಿದ್ದು ಯಾವುದೂ ಅಲ್ಲ, ಆ ಮುಖ. 2022 ಜೂನಲ್ಲಿ ಅದೇ ಬುದೊಕಾನಲ್ಲಿ ಅವರಿಬ್ಬರೇ ಮತ್ತೆ ಫೈನಲ್.

2023 ಜನವರಿ 4ಕ್ಕೆ ಡೋಮಲ್ಲಿ ನಾಲ್ಕು ಜನರ ಮ್ಯಾಚ್ ಗೆದ್ದು ಹಿರೊಮು ಐದನೇ ಸಲ ಚಾಂಪಿಯನ್ ಆದ. ಈ ಸಲ ಗಾಯ ಇಲ್ಲ, ಕೊರೊನಾ ಇಲ್ಲ, ಬರೋಬ್ಬರಿ ಒಂದು ವರ್ಷ ಬೆಲ್ಟ್ ಹೊತ್ತ. 2024 ಜನವರಿ 4ಕ್ಕೆ ಅದೇ ಡೋಮಲ್ಲಿ ಅದನ್ನ ಕಳ್ಕೊಂಡ. ಗೆದ್ದವನು ಎಲ್ ಡೆಸ್ಪರಾಡೋ. 2010ರ ಆಗಸ್ಟಲ್ಲಿ ಕಪ್ಪು ಚಡ್ಡಿ ಹಾಕ್ಕೊಂಡು ಎದುರುಬದುರು ನಿಂತಿದ್ದ ಅದೇ ಇಬ್ಬರು ಹುಡುಗರು, ಹದಿಮೂರು ವರ್ಷ ಆದ್ಮೇಲೆ, ಇಬ್ಬರೂ ಇನ್ನೂ ಜೂನಿಯರ್‌ಗಳೇ.